ಆಧಾರ್ ಮತ್ತು ಪೌರತ್ವ

ಭಾರತದ ನಿವಾಸಿಗಳಿಗೆ ವಿಶಿಷ್ಟ ಗುರುತು ಪ್ರಾಧಿಕಾರ ಕೊಡುವ 12 ಅಂಕಿಗಳ ಸಂಖ್ಯೆ ಆಧಾರ್. ಕಾರ್ಡು ಕೈಗೆ ಬಂದರೆ ಪೌರತ್ವವೂ ಬಂದಂತೆ ಎಂಬ ನಂಬಿಕೆ ತಪ್ಪು. 2016ರ ಆಧಾರ್ ಕಾಯ್ದೆಯ 9ನೇ ಕಲಂ ಇದನ್ನು ನೇರವಾಗಿಯೇ ಹೇಳುತ್ತದೆ. ಕಾಯ್ದೆ ಕೇಳುವುದು ವಾಸವನ್ನು: ಅರ್ಜಿಗೆ ಹಿಂದಿನ 12 ತಿಂಗಳಲ್ಲಿ 182 ದಿನ. ಹೀಗಾಗಿ ಪೌರತ್ವ ಕೋರಿ ಕಾಯುತ್ತಿರುವ ವಿದೇಶಿಯೂ ನೋಂದಾಯಿಸಿಕೊಳ್ಳಬಹುದು. ಪೌರತ್ವಕ್ಕೆ 1955ರ ಕಾಯ್ದೆಯಡಿ ಬೇರೆಯೇ ಅರ್ಜಿ.

ಕರ್ನಾಟಕದ ಬೈಲಕುಪ್ಪೆ, ಮುಂಡಗೋಡದ ನಿರಾಶ್ರಿತ ನೆಲೆಗಳ ಟಿಬೆಟಿಯನ್ನರಿಗೆ ಈ ಭೇದ ಬದುಕಿನ ಪ್ರಶ್ನೆ. ಅವರಲ್ಲಿ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವರು ಕಾನೂನಿನಂತೆ ಜನ್ಮತಃ ಪೌರರು.

ದೇಶದೊಳಗೆ ರಾಜ್ಯ ಬದಲಾದರೂ ಆಧಾರ್ ಸಂಖ್ಯೆ ಬದಲಾಗದು: ಇಂಡಿ ತಾಲ್ಲೂಕಿನ ಅಗರಖೇಡದಿಂದ ದುಡಿಯಲು ಭೀಮಾ ನದಿ ದಾಟಿ ಮಹಾರಾಷ್ಟ್ರಕ್ಕೆ ಹೋದವರಿಗೂ ಹಳೆಯ ಸಂಖ್ಯೆಯೇ. ಅಲ್ಲೇ ನೆಲೆಸಿದರೆ ವಿಳಾಸವನ್ನಷ್ಟೇ ತಿದ್ದಿಸಬೇಕು.