ಕ್ರೀಡಾಕೌಶಲಗಳ ವರ್ಗೀಕರಣ ಮತ್ತು ಕಲಿಕೆಯ ವರ್ಗಾವಣೆ

ಆಟದ ಚಲನೆಗಳನ್ನು ಅವುಗಳ ಸ್ವರೂಪ ನೋಡಿ ವಿಂಗಡಿಸುವುದು, ಒಂದರಲ್ಲಿ ಪಳಗಿದ್ದು ಇನ್ನೊಂದನ್ನು ಕಲಿಯುವಾಗ ನೆರವಾಗುತ್ತದೆಯೋ ತೊಡಕಾಗುತ್ತದೆಯೋ ಎಂದು ಪರಿಶೀಲಿಸುವುದು, ಇವೆರಡೂ ಚಲನಕಲಿಕೆಯ ಅಧ್ಯಯನಕ್ಕೆ ಸೇರಿದವು. ಇಲ್ಲಿನ ಉದಾಹರಣೆಗಳು ಬಹುಮಟ್ಟಿಗೆ ಹೈದರಾಬಾದಿನ ಬ್ಯಾಡ್ಮಿಂಟನ್ ಅಂಗಳದವು.

ವರ್ಗೀಕರಣ: ಕೈಗಾರಿಕಾ ಕೆಲಸಗಳ ಸಂದರ್ಭದಲ್ಲಿ ಪೌಲ್ಟನ್ 1957ರಲ್ಲಿ ಸೂಚಿಸಿದ ಮುಕ್ತ, ಆವೃತ ಎಂಬ ಭೇದವನ್ನು ಬಾರ್ಬರಾ ನ್ಯಾಪ್ 1963ರಲ್ಲಿ ಆಟಗಳಿಗೆ ಅನ್ವಯಿಸಿದರು. ಸುತ್ತಲಿನ ಸ್ಥಿತಿ ಬದಲಾಗದೆ, ಚಲನೆಯ ಗಳಿಗೆ ಆಟಗಾರನ ಕೈಯಲ್ಲೇ ಇದ್ದರೆ ಅದು ಆವೃತ ಕೌಶಲ. ಎದುರಾಳಿಯನ್ನೂ ಚೆಂಡನ್ನೂ ನೋಡಿಕೊಂಡು ಹೊಂದಿಸಿಕೊಳ್ಳಬೇಕಾದರೆ ಮುಕ್ತ. ಇವು ಎರಡು ಬೇರೆ ಬೇರೆ ಗೂಡುಗಳಲ್ಲ, ಒಂದೇ ಸಾಲಿನ ಎರಡು ತುದಿಗಳು. ಬ್ಯಾಡ್ಮಿಂಟನ್ನಿನ ಸರ್ವ್ ಆವೃತ ತುದಿಗೆ ಹತ್ತಿರ. ಅದರ ಮೇಲಿನ ನಿರ್ಬಂಧವೂ ಸ್ಥಿರವಾದದ್ದು: ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 2018ರಿಂದ ಷಟಲ್ ನೆಲದಿಂದ 1.15 ಮೀಟರಿಗಿಂತ ಕೆಳಗಿರುವಾಗಲೇ ಹೊಡೆಯಬೇಕು. ಅದೇ ಸರ್ವನ್ನು ಎದುರಿಸುವವರ ಕೆಲಸ ಪೂರ್ತಿ ಮುಕ್ತ. ಚಲನೆಯ ಆದಿ, ಅಂತ್ಯ ಎಷ್ಟು ಸ್ಪಷ್ಟ ಎಂಬುದನ್ನು ನೋಡಿ ಬಿಡಿ, ಸರಣಿ, ನಿರಂತರ ಎಂಬ ವಿಂಗಡಣೆಯೂ ಉಂಟು.

ವರ್ಗಾವಣೆ: ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ 1901ರಲ್ಲಿ ಮಂಡಿಸಿದ ವಾದದಂತೆ, ಎರಡು ಕೆಲಸಗಳಿಗೆ ಸಮಾನವಾದ ಅಂಶಗಳಿರುವಷ್ಟು ಮಟ್ಟಿಗೆ ಮಾತ್ರ ಕಲಿಕೆ ದಾಟುತ್ತದೆ. ಜಡ್ 1908ರಲ್ಲಿ ವರದಿ ಮಾಡಿದ ಪ್ರಯೋಗ ಇದಕ್ಕೆ ಇನ್ನೊಂದು ಮಗ್ಗುಲು ಸೇರಿಸಿತು. ನೀರಿನೊಳಗಿನ ಗುರಿಗೆ ಹುಡುಗರು ಡಾರ್ಟ್ ಎಸೆಯಬೇಕಿತ್ತು. ಬೆಳಕಿನ ವಕ್ರೀಭವನವನ್ನು ವಿವರಿಸಿ ಹೇಳಿದ್ದ ಗುಂಪು ಮೊದಲು ಉಳಿದವರಿಗಿಂತ ಮುಂದಿರಲಿಲ್ಲ. ಆದರೆ ನೀರಿನ ಆಳ ಬದಲಾಯಿಸಿದಾಗ ಬೇಗ ಹೊಂದಿಕೊಂಡಿತು. ತತ್ತ್ವ ತಿಳಿದಿದ್ದರ ಫಲ ಕಂಡದ್ದು ಸನ್ನಿವೇಶ ಬದಲಾದ ಮೇಲೆ.

ದಕ್ಷಿಣ ಭಾರತದಲ್ಲಿ ವರ್ಗಾವಣೆಯನ್ನು ಪರೀಕ್ಷಿಸಲು ತಕ್ಕ ಜೋಡಿ ಎಂದರೆ ಬಾಲ್ ಬ್ಯಾಡ್ಮಿಂಟನ್ ಮತ್ತು ಷಟಲ್ ಬ್ಯಾಡ್ಮಿಂಟನ್. ಬಾಲ್ ಬ್ಯಾಡ್ಮಿಂಟನ್ನಿನ ಮೊದಲ ರಾಷ್ಟ್ರೀಯ ಪಂದ್ಯಾವಳಿ 1956ರಲ್ಲಿ ಹೈದರಾಬಾದಿನಲ್ಲೇ ನಡೆಯಿತು. ಎರಡರಲ್ಲೂ ರ‍್ಯಾಕೆಟ್ ಇದೆ, ಬಲೆ ಇದೆ, ನೆಲಕ್ಕೆ ಬೀಳುವ ಮುನ್ನ ಹೊಡೆಯಬೇಕೆಂಬ ನಿಯಮವಿದೆ. ಆದರೆ ಹಳದಿ ಉಣ್ಣೆಯ ಚೆಂಡು 27ರಿಂದ 30 ಗ್ರಾಂ ತೂಗಿದರೆ, ಹದಿನಾರು ಗರಿಗಳ ಷಟಲ್ ತೂಗುವುದು 4.74ರಿಂದ 5.50 ಗ್ರಾಂ. ಗಾಳಿಯ ತಡೆಗೆ ಷಟಲ್ ಥಟ್ಟನೆ ವೇಗ ಕಳೆದುಕೊಂಡು ಕಡಿದಾಗಿ ಇಳಿಯುತ್ತದೆ. ಹೀಗಾಗಿ ಎದುರಾಳಿಯ ಭುಜ ನೋಡಿ ದಿಕ್ಕು ಊಹಿಸುವ ರೂಢಿ ದಾಟಬಹುದು. ಹೊಡೆತದ ಗಳಿಗೆಯ ಅಂದಾಜನ್ನು ಮಾತ್ರ ಹೊಸದಾಗಿ ಕಲಿಯಬೇಕು. ಟೆನಿಸ್‌ನಿಂದ ಬಂದವರಲ್ಲಿ ತೊಡಕು ಹಿಡಿತದ್ದು: ಮಣಿಕಟ್ಟು ಬಿಗಿಹಿಡಿದು ತೋಳು ಬೀಸುವ ರೂಢಿ, ಮುಂಗೈ ತಿರುಗಿಸಿ ಹೊಡೆಯಬೇಕಾದ ಸ್ಮ್ಯಾಶಿಗೆ ಅಡ್ಡಬರುತ್ತದೆ.

ಹೈದರಾಬಾದಿನ ಬ್ಯಾಡ್ಮಿಂಟನ್ ಆಟಗಾರ್ತಿ ಪಿ.ವಿ. ಸಿಂಧು (2016ರ ರಿಯೊ ಒಲಿಂಪಿಕ್ಸ್ ಬೆಳ್ಳಿ, 2019ರ ವಿಶ್ವ ಚಾಂಪಿಯನ್) ಅವರ ತಂದೆತಾಯಿ ಇಬ್ಬರೂ ವಾಲಿಬಾಲ್ ಆಟಗಾರರು, ತಂದೆ ಪಿ.ವಿ. ರಮಣ 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ತಂಡದಲ್ಲಿದ್ದವರು. ನೆಗೆದು ತಲೆಯ ಮೇಲಿಂದ ಹೊಡೆಯುವುದು ಎರಡೂ ಆಟಗಳಲ್ಲಿ ಇರುವುದರಿಂದ ಸಿಂಧು ಅವರ ಯಶಸ್ಸನ್ನು ವರ್ಗಾವಣೆಗೆ ನಿದರ್ಶನವಾಗಿ ಹೇಳುವುದುಂಟು. ಅದು ಸರಿಯಲ್ಲ. ವರ್ಗಾವಣೆ ಎಂಬುದು ಒಬ್ಬನೇ ಕಲಿಕೆಗಾರನ ಅಭ್ಯಾಸಗಳ ನಡುವಣ ಸಂಬಂಧ. ಹೆತ್ತವರಿಂದ ಬಂದ ಎತ್ತರ, ಮನೆಯ ವಾತಾವರಣ ಅದರ ಲೆಕ್ಕಕ್ಕೆ ಸೇರುವುದಿಲ್ಲ.