ಹೈಫಾ ಪಟ್ಟಣದ ಎರಡು ಚರಿತ್ರೆಗಳು

ಪ್ಯಾಲೆಸ್ಟೈನಿನಲ್ಲಿ ಅರಬ್ಬರಿಗೂ ಯೆಹೂದ್ಯರಿಗೂ ನಡೆದುಬಂದಿರುವ ಕಲಹವನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಜೆರೂಸಲೇಮಿನಿಂದ ಪ್ರಾರಂಭಿಸುತ್ತಾರೆ. ಅಲ್ಲಿಂದ ಹೊರಟವರು ಸೊಲೊಮನ್ ಅರಸನ ಕಾಲವನ್ನೋ ಖಲೀಫ ಉಮರನ ಕಾಲವನ್ನೋ ಮುಟ್ಟದೆ ಬಿಡುವುದಿಲ್ಲ. ವಾದವು ಅಲ್ಲಿಗೆ ಚರಿತ್ರೆಯನ್ನು ಬಿಟ್ಟು ಮತಜಿಜ್ಞಾಸೆಯಾಗುತ್ತದೆ. ಈ ಹೊತ್ತು ನಾನು ಆರಿಸಿಕೊಂಡಿರುವ ಊರು ಹೈಫಾ. ಮೆಡಿಟರೇನಿಯನ್ ಸಮುದ್ರದ ದಡದಲ್ಲಿ, ಕಾರ್ಮೆಲ್ ಬೆಟ್ಟದ ತಪ್ಪಲಿನಲ್ಲಿರುವ ರೇವುಪಟ್ಟಣ. ಇಲ್ಲಿ ನಡೆದ ಮುಖ್ಯ ಸಂಗತಿಗಳನ್ನು ಎರಡು ಪಕ್ಷದವರೂ ಬಹುಮಟ್ಟಿಗೆ ಒಪ್ಪುತ್ತಾರೆ. ಅವುಗಳನ್ನು ಎಲ್ಲಿಂದ ಎಣಿಸತೊಡಗಬೇಕೆಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಆದುದರಿಂದ ಭಿನ್ನ ದೃಷ್ಟಿಗಳು ಹೇಗೆ ಹುಟ್ಟುತ್ತವೆಂಬುದನ್ನು ನೋಡುವುದಕ್ಕೆ ಇದಕ್ಕಿಂತ ತಕ್ಕ ಸ್ಥಳ ಸಿಕ್ಕುವುದು ಕಷ್ಟ.

ಮೈಸೂರಿನವರಿಗೆ ಈ ಊರು ತೀರ ಅಪರಿಚಿತವೂ ಅಲ್ಲ. 1918ರ ಸೆಪ್ಟೆಂಬರ್ 23ರಂದು ಅದನ್ನು ತುರ್ಕರ ಕೈಯಿಂದ ಬಿಡಿಸಿದವರು ಜೋಧಪುರದ ಮತ್ತು ಮೈಸೂರಿನ ಭರ್ಜಿ ಸವಾರರು. ಕಿಶೋನ್ ನದಿಗೂ ಬೆಟ್ಟಕ್ಕೂ ನಡುವಣ ಇಕ್ಕಟ್ಟಾದ ದಾರಿಯಲ್ಲಿ ಜೋಧಪುರದ ದಂಡು ಮೆಷಿನ್ ಗನ್ನುಗಳಿಗೆ ಎದುರಾಗಿ ಕುದುರೆಗಳನ್ನು ಓಡಿಸಿತು. ಅದರ ನಾಯಕ ಮೇಜರ್ ದಲಪತ್ ಸಿಂಗ್ ಅಲ್ಲಿಯೇ ಮಡಿದನು. ಮೈಸೂರಿನ ಒಂದು ತುಕಡಿಯು ಕಡಿದಾದ ಕಾರ್ಮೆಲ್ ಬೆಟ್ಟವನ್ನು ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ಬಿದ್ದಿತು. ಸಾವಿರದ ಮುನ್ನೂರಕ್ಕೂ ಹೆಚ್ಚು ಮಂದಿ ಸೆರೆ ಸಿಕ್ಕಿದರು. ಕುದುರೆಯ ಮೇಲೆ ಕುಳಿತು ಭರ್ಜಿ ಹಿಡಿದು ಕೋಟೆಕೊತ್ತಲದ ಪಟ್ಟಣವನ್ನು ಗೆದ್ದ ಕೊನೆಯ ಪ್ರಸಂಗಗಳಲ್ಲಿ ಇದೊಂದು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಜೋಧಪುರ, ಮೈಸೂರು, ಹೈದರಾಬಾದುಗಳ ಆ ಸವಾರರನ್ನೇ ಸೂಚಿಸುತ್ತವೆ.

ಗೆದ್ದ ನಾಡನ್ನು ಯಾರಿಗೆ ಒಪ್ಪಿಸುವುದೆಂಬುದನ್ನು ಆ ಸವಾರರಿಗೆ ಯಾರೂ ತಿಳಿಸಿರಲಿಲ್ಲ. ಅದರ ವಿಷಯವಾಗಿ ಆಂಗ್ಲರು ಅಷ್ಟು ಹೊತ್ತಿಗೆ ಮೂರು ಕಡೆ ಬರೆದುಕೊಟ್ಟಿದ್ದರು. 1915-16ರಲ್ಲಿ ಸರ್ ಹೆನ್ರಿ ಮೆಕ್‌ಮಹಾನನು ಮೆಕ್ಕಾದ ಷರೀಫ್ ಹುಸೇನನಿಗೆ ಪತ್ರಗಳನ್ನು ಬರೆದು ಅರಬ್ಬರ ಸ್ವಾತಂತ್ರ್ಯಕ್ಕೆ ಬೆಂಬಲ ಕೊಡುವುದಾಗಿ ಹೇಳಿದ್ದನು. 1916ರ ಸೈಕ್ಸ್-ಪಿಕೊ ರಹಸ್ಯ ಒಪ್ಪಂದದಲ್ಲಿ ಹೈಫಾ ಮತ್ತು ಆಕ್ರೆ ರೇವುಗಳು ಬ್ರಿಟನ್ನಿನ ಪಾಲಿಗೆ ಬಂದಿದ್ದವು. 1917ರ ನವೆಂಬರ್ 2ರ ಬಾಲ್ಫರ್ ಘೋಷಣೆಯು ಪ್ಯಾಲೆಸ್ಟೈನಿನಲ್ಲಿ ಯೆಹೂದ್ಯರಿಗೆ ಒಂದು ರಾಷ್ಟ್ರೀಯ ನೆಲೆಯನ್ನು ವಾಗ್ದಾನ ಮಾಡಿತ್ತು.

ಈ ಕಾಗದಗಳ ಮೇಲೆ ನಡೆದಿರುವ ವ್ಯಾಖ್ಯಾನವನ್ನು ನೋಡಿದರೆ ನಮ್ಮ ಹಳೆಯ ಭಾಷ್ಯಕಾರರ ನೆನಪು ಬಾರದಿರದು. ಡಮಾಸ್ಕಸ್, ಹೋಮ್ಸ್, ಹಾಮಾ, ಅಲೆಪ್ಪೊ ಎಂಬ ನಾಲ್ಕು ಜಿಲ್ಲೆಗಳ ಪಶ್ಚಿಮಕ್ಕಿರುವ ಭಾಗವನ್ನು ವಾಗ್ದಾನದಿಂದ ಬಿಟ್ಟಿರುವುದಾಗಿ ಮೆಕ್‌ಮಹಾನನು ಬರೆದಿದ್ದನು. ಜಿಲ್ಲೆಯೆಂದರೆ ತುರ್ಕರ ಪ್ರಾಂತವೆಂದು ಅರ್ಥ. ಡಮಾಸ್ಕಸ್ ಪ್ರಾಂತವು ದಕ್ಷಿಣಕ್ಕೆ ಬಹು ದೂರ ಹಬ್ಬಿರುವುದರಿಂದ ಪ್ಯಾಲೆಸ್ಟೈನು ಅದರ ಪಶ್ಚಿಮಕ್ಕೇ ಬಿದ್ದಿತು ಎಂದು ಆಂಗ್ಲ ಮಂತ್ರಿಗಳು ಆಮೇಲೆ ವಾದಿಸಿದರು. ಹೋಮ್ಸ್, ಹಾಮಾಗಳ ಹೆಸರಿನ ಪ್ರಾಂತಗಳೇ ಇರಲಿಲ್ಲ, ಆದ್ದರಿಂದ ಹೇಳಿರುವುದು ಊರುಗಳನ್ನೇ, ಆ ಊರುಗಳಿಗೆ ಪ್ಯಾಲೆಸ್ಟೈನು ದಕ್ಷಿಣವಲ್ಲದೆ ಪಶ್ಚಿಮವಲ್ಲ ಎಂದು ಅರಬ್ಬರು ಉತ್ತರವಿತ್ತರು. ಭೂಪಟವನ್ನು ಮುಂದಿಟ್ಟುಕೊಂಡು ಓದಿದರೆ ಅರಬ್ಬರ ಉತ್ತರವೇ ಸರಳವೆಂದು ನನಗೆ ತೋರುತ್ತದೆ. ಬಾಲ್ಫರ್ ಘೋಷಣೆಯ ಮಾತುಗಳೂ ಹಾಗೆಯೇ. ಅಲ್ಲಿ ಅರಬ್ಬರ ಹೆಸರಿಲ್ಲ. ಯೆಹೂದ್ಯೇತರ ಸಮುದಾಯಗಳ ನಾಗರಿಕ ಮತ್ತು ಧಾರ್ಮಿಕ ಹಕ್ಕುಗಳಿಗೆ ಕುಂದು ಬರಬಾರದೆಂದಿದೆ, ರಾಜಕೀಯ ಹಕ್ಕಿನ ಸೊಲ್ಲಿಲ್ಲ. 1922ರ ಜನಗಣತಿಯಲ್ಲಿ ಒಟ್ಟು ಸುಮಾರು 7,57,000 ಜನರಲ್ಲಿ ಯೆಹೂದ್ಯರು 84,000ದಷ್ಟಿದ್ದರು. ಮನೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನವರನ್ನು 'ಇತರರು' ಎಂದು ಕರೆದರೆ ಅವರಿಗೆ ಏನೆನಿಸಿರಬಹುದು?

ಯೆಹೂದ್ಯರ ಕಡೆಯಿಂದ ನೋಡುವವರು ಗಣತಿಯ ಅಂಕಿಗಳಿಂದ ಪ್ರಾರಂಭಿಸುವುದಿಲ್ಲ. ಅವರು ಪ್ರಾರಂಭಿಸುವುದು ಯೂರೋಪಿನಿಂದ. ರಷ್ಯದಲ್ಲಿ ಮನೆ ಸುಟ್ಟುಕೊಂಡು ಬಂದವರು, ಹಿಟ್ಲರನಿಗೆ ಹೆದರಿ ಬಂದವರು, ಇವರಿಗೆ ಹೈಫಾ ಎಂದರೆ ಬಾಗಿಲು. 1933ರಲ್ಲಿ ಅಲ್ಲಿ ಹೊಸ ಬಂದರು ತೆರೆಯಿತು. 1935ರಲ್ಲಿ ಇರಾಕಿನ ಕಿರ್ಕೂಕಿನಿಂದ ಎಣ್ಣೆಯ ಕೊಳವೆ ಬಂದು ಸೇರಿತು. ಊರು ಬೆಳೆಯಿತು. ಆದರೆ ಯೆಹೂದ್ಯರಿಗೆ ಅತ್ಯಂತ ಅಗತ್ಯವಾದ ಕಾಲದಲ್ಲಿಯೇ, 1939ರಲ್ಲಿ, ಆಂಗ್ಲರು ಐದು ವರ್ಷಗಳಿಗೆ 75,000 ಮಂದಿ ಎಂಬ ಮಿತಿಯನ್ನು ಹಾಕಿ ಆ ಬಾಗಿಲನ್ನು ಮುಚ್ಚಿದರು. 1940ರ ನವೆಂಬರಿನಲ್ಲಿ ಪಾಟ್ರಿಯ ಎಂಬ ಹಡಗು ಹೈಫಾ ಬಂದರಿನಲ್ಲಿ ಮುಳುಗಿ ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ವಲಸೆಗಾರರನ್ನು ಹೊರದೇಶಕ್ಕೆ ಸಾಗಿಸದಂತೆ ಹಡಗನ್ನು ಕೆಡಿಸಬೇಕೆಂದು ಯೆಹೂದ್ಯ ಸೇನೆಯಾದ ಹಗನಾದವರೇ ಇಟ್ಟಿದ್ದ ಸ್ಫೋಟಕ ಅಳತೆಮೀರಿ ಕೆಲಸಮಾಡಿತ್ತು. 1947ರ ಜುಲೈಯಲ್ಲಿ ಎಕ್ಸೋಡಸ್ ಎಂಬ ಹಡಗಿನಲ್ಲಿ ಬಂದ ಸುಮಾರು 4,500 ನಿರಾಶ್ರಿತರನ್ನು ಅದೇ ಕಟ್ಟೆಯ ಮೇಲೆ ಬಲಾತ್ಕಾರದಿಂದ ಬೇರೆ ಹಡಗುಗಳಿಗೆ ಹತ್ತಿಸಿ ಕೊನೆಗೆ ಜರ್ಮನಿಗೇ ಕಳುಹಿಸಿದರು. ಅರವತ್ತು ಲಕ್ಷ ಮಂದಿ ತಮ್ಮವರನ್ನು ಕಳೆದುಕೊಂಡು ಬಂದ ಜನಕ್ಕೆ ಜರ್ಮನಿ!

ಇದಾಗಿ ಒಂಬತ್ತು ತಿಂಗಳಿಗೆ ಅದೇ ಕಟ್ಟೆಯಿಂದ ಅರಬ್ಬರು ದೋಣಿಗಳನ್ನು ಹತ್ತಿದರು.

ನಡುವೆ ನಡೆದದ್ದಿಷ್ಟು. 1947ರ ನವೆಂಬರ್ 29ರಂದು ವಿಶ್ವಸಂಸ್ಥೆಯು 33ಕ್ಕೆ 13 ಮತಗಳಿಂದ ನಾಡನ್ನು ಎರಡಾಗಿ ಹಂಚಲು ನಿರ್ಣಯಿಸಿತು. ಭಾರತವು ವಿರೋಧವಾಗಿ ಮತವಿತ್ತಿತು. ಯೆಹೂದ್ಯರು ಒಪ್ಪಿದರು, ಅರಬ್ಬರು ಒಪ್ಪಲಿಲ್ಲ. ಡಿಸೆಂಬರ್ 30ರಂದು ಹೈಫಾದ ಎಣ್ಣೆಯ ಕಾರ್ಖಾನೆಯ ಬಾಗಿಲಲ್ಲಿ ಕೆಲಸಕ್ಕಾಗಿ ನಿಂತಿದ್ದ ಅರಬ್ ಕೂಲಿಗಳ ಮೇಲೆ ಇರ್ಗುನ್ ಎಂಬ ಉಗ್ರ ಯೆಹೂದ್ಯ ಪಂಗಡದವರು ಬಾಂಬು ಎಸೆದರು. ಆರು ಮಂದಿ ಸತ್ತರು. ಒಳಗಿದ್ದ ಅರಬ್ ಕೆಲಸಗಾರರು ತಮ್ಮೊಡನೆ ದುಡಿಯುತ್ತಿದ್ದ ಯೆಹೂದ್ಯರ ಮೇಲೆ ಬಿದ್ದು 39 ಮಂದಿಯನ್ನು ಕೊಂದರು. ಮರುರಾತ್ರಿ ಹಗನಾದವರು ಸಮೀಪದ ಬಲದ್ ಅಲ್ ಶೇಖ್ ಗ್ರಾಮಕ್ಕೆ ನುಗ್ಗಿ ಅನೇಕರನ್ನು ಕೊಂದರು. ಈ ಮೂರು ಕೃತ್ಯಗಳಲ್ಲಿ ಯಾವುದಾದರೊಂದನ್ನು ಹೇಳಿ ಮಿಕ್ಕೆರಡನ್ನು ಬಿಡುವುದು ಇಂದಿಗೂ ಸುಲಭವಾಗಿ ನಡೆಯುತ್ತಿದೆ.

1948ರ ಏಪ್ರಿಲ್ 21ರಂದು ಆಂಗ್ಲ ಸೇನಾಧಿಪತಿ ಸ್ಟಾಕ್‌ವೆಲ್ ತನ್ನ ಸೈನಿಕರನ್ನು ಊರಿನ ನಡುವಿನಿಂದ ಹಿಂದಕ್ಕೆ ಕರೆಸಿಕೊಂಡನು. ಒಂದೇ ದಿನದ ಕಾಳಗದಲ್ಲಿ ಹಗನಾ ಗೆದ್ದಿತು. 22ರಂದು ಪುರಭವನದಲ್ಲಿ ಸಭೆ ಸೇರಿತು. ಶರಣಾಗತಿಯ ನಿಬಂಧನೆಗಳಿಗೆ ರುಜು ಹಾಕಲು ಅರಬ್ ಪ್ರತಿನಿಧಿಗಳು ಒಪ್ಪದೆ, ತಮ್ಮ ಜನ ಊರು ಬಿಡಲು ಅನುಕೂಲ ಮಾಡಿಕೊಡಬೇಕೆಂದು ಕೇಳಿದರು. ಯೆಹೂದ್ಯ ಮೇಯರು ಶಬ್ತಾಯ್ ಲೆವಿ ಹೋಗಬೇಡಿರೆಂದು ಅವರನ್ನು ಅಂಗಲಾಚಿ ಬೇಡಿಕೊಂಡನು. ಇಸ್ರೇಲಿನ ಪಾಠಗಳು ಈ ದೃಶ್ಯವನ್ನು ಮರೆಯುವುದಿಲ್ಲ. ಪ್ಯಾಲೆಸ್ಟೀನಿಯರ ನೆನಪಿನಲ್ಲಿರುವುದು ಅದೇ ದಿನದ ಬೆಳಗ್ಗೆ: ಸಂತೆಯ ಚೌಕದಲ್ಲಿ ನೆರೆದಿದ್ದ ಜನರ ನಡುವೆ ಬಿದ್ದ ಹಗನಾದ ಗುಂಡುಗಳು, ಬಂದರಿಗೆ ಓಡಿದವರ ತುಳಿದಾಟ. ಸಭೆ ಸೇರುವ ವೇಳೆಗೆ ಜನ ಆಗಲೇ ಹೊರಟಿದ್ದರು. ಎಪ್ಪತ್ತು ಸಾವಿರದಷ್ಟಿದ್ದ ಅರಬ್ಬರಲ್ಲಿ ಮೂರು ನಾಲ್ಕು ಸಾವಿರ ಮಾತ್ರ ಉಳಿದರು.

ವಿದ್ವಾಂಸರು ಈ ಒಂದು ದಿನದ ಮೇಲೆ ದಶಕಗಳನ್ನು ಕಳೆದಿದ್ದಾರೆ. ವಾಲಿದ್ ಖಾಲಿದಿ 1959ರಲ್ಲಿಯೇ ಇದನ್ನು ಮೊದಲೇ ಹೂಡಿದ ಯೋಜನೆಯೆಂದು ಬರೆದರು. ಎಫ್ರಾಯಿಂ ಕಾರ್ಶ್ ಅರಬ್ ನಾಯಕರ ಹೊಣೆಯನ್ನೇ ಮುಂದಿಡುತ್ತಾರೆ. ಇಸ್ರೇಲಿನ ದಫ್ತರಗಳು ತೆರೆದ ಮೇಲೆ ಬೆನ್ನಿ ಮಾರಿಸ್ 1980ರ ದಶಕದ ಕೊನೆಯಲ್ಲಿ ತೋರಿಸಿದ್ದೇನೆಂದರೆ, ಊರು ಬಿಡಿರೆಂದು ಅರಬ್ ರಾಜ್ಯಗಳು ಎಲ್ಲರಿಗೂ ಆಜ್ಞೆ ಮಾಡಿದವೆಂಬ ಬಹುಕಾಲದ ಮಾತಿಗೆ ಆಧಾರವಿಲ್ಲ. ದೇಶಾದ್ಯಂತ ಜನರನ್ನು ಅಟ್ಟಲು ಒಂದೇ ಆಜ್ಞೆ ಹೊರಟಿತೆಂಬುದಕ್ಕೂ ಇಲ್ಲ. ನನ್ನ ಮಟ್ಟಿಗೆ, ಅವರು ಏಕೆ ಹೋದರೆಂಬ ಪ್ರಶ್ನೆಗಿಂತ ಅವರನ್ನು ಏಕೆ ಮರಳಿ ಬರಗೊಡಲಿಲ್ಲವೆಂಬುದು ದೊಡ್ಡ ಪ್ರಶ್ನೆ. 1950ರಲ್ಲಿ ಇಸ್ರೇಲು ಎರಡು ಶಾಸನಗಳನ್ನು ಮಾಡಿತು. ಒಂದರಂತೆ ಲೋಕದ ಯಾವ ಮೂಲೆಯ ಯೆಹೂದ್ಯನಾದರೂ ಬಂದು ನೆಲೆಸಬಹುದು. ಇನ್ನೊಂದರಂತೆ ಊರು ಬಿಟ್ಟ ಅರಬ್ಬನ ಮನೆ ಸರ್ಕಾರದ ವಶ. ಮೊದಲನೆಯದನ್ನು ಓದುವ ಯೆಹೂದ್ಯನಿಗೆ ಎಕ್ಸೋಡಸ್ ಹಡಗು ಕಾಣುತ್ತದೆ. ಅವನ ಪಾಲಿಗೆ ಅದು ನ್ಯಾಯವೇ. ಅರಬ್ ದೇಶಗಳಿಂದ ಹೊರಬಿದ್ದ ಲಕ್ಷಾಂತರ ಯೆಹೂದ್ಯರಿಗೂ ಅದೇ ಆಸರೆಯಾಯಿತು. ಎರಡನೆಯದನ್ನು ಓದುವ ಅರಬ್ಬನ ಜೇಬಿನಲ್ಲಿ ಬೀಗದ ಕೈ ಇದೆ, ಮನೆಯಿಲ್ಲ.

2023ರ ಅಕ್ಟೋಬರ್ 7ರಂದು ಹಮಾಸಿನವರು ನುಗ್ಗಿ ಸುಮಾರು 1,200 ಮಂದಿಯನ್ನು ಕೊಂದಾಗಲೂ, ತರುವಾಯದ ಎರಡು ವರ್ಷಗಳಲ್ಲಿ ಅಲ್ಲಿಯ ಆರೋಗ್ಯ ಇಲಾಖೆಯ ಎಣಿಕೆಯಂತೆ ಗಾಜಾದಲ್ಲಿ ಅರವತ್ತು ಸಾವಿರಕ್ಕೂ ಮಿಕ್ಕಿ ಜನ ಸತ್ತಾಗಲೂ, ಕಥೆಯನ್ನು ಯಾವ ದಿನದಿಂದ ಹೇಳಬೇಕೆಂಬ ಹಳೆಯ ವಿವಾದವೇ ಎದ್ದಿತು. ಅಂದು ದಾಳಿಯಿಟ್ಟ ಹಮಾಸ್ ದಳಕ್ಕಿರುವ ಹೆಸರು 1935ರಲ್ಲಿ ಆಂಗ್ಲರ ಗುಂಡಿಗೆ ಬಿದ್ದ ಅಲ್ ಕಸ್ಸಾಮನದು. ಆತ ಹೈಫಾದ ಒಂದು ಮಸೀದಿಯಲ್ಲಿ ಇಮಾಮನಾಗಿದ್ದವನು.

ಹೈಫಾದಲ್ಲಿ ಉಳಿದ ಆ ಕೆಲವು ಸಾವಿರ ಅರಬ್ಬರಲ್ಲಿ ಎಮಿಲ್ ಹಬೀಬಿ ಎಂಬ ಸಾಹಿತಿಯೊಬ್ಬನಿದ್ದನು. ಇಸ್ರೇಲಿನ ಶಾಸನಸಭೆಯಲ್ಲಿ ಸದಸ್ಯನಾಗಿ ಕುಳಿತನು. 1990ರಲ್ಲಿ ಪ್ಯಾಲೆಸ್ಟೀನಿಯರ ಪ್ರಶಸ್ತಿಯನ್ನೂ 1992ರಲ್ಲಿ ಇಸ್ರೇಲಿನ ಪ್ರಶಸ್ತಿಯನ್ನೂ ಪಡೆದನು. ಎರಡನೆಯದನ್ನು ತೆಗೆದುಕೊಂಡದ್ದಕ್ಕಾಗಿ ಅರಬ್ ಲೇಖಕರಿಂದ ಬಹಳ ಬೈಗುಳ ತಿಂದನು. 1996ರಲ್ಲಿ ತೀರಿಕೊಂಡ ಅವನ ಸಮಾಧಿ ಹೈಫಾದಲ್ಲಿದೆ. ಅವನ ಇಚ್ಛೆಯಂತೆ ಕಲ್ಲಿನ ಮೇಲೆ, ಹೈಫಾದಲ್ಲಿ ಉಳಿದವನು ಎಂದು ಬರೆದಿದ್ದಾರೆ.