ಕೊನೆಯ ಪಂಕ್ತಿ

ನನ್ನ ಎದೆಬಡಿತ ತಾಳ ತಪ್ಪುತ್ತಿದೆಯೆಂದು ಡಾಕ್ಟರು ಹೇಳಿದ ದಿನ ನೆನಪಾದವನು ಡೀಕ್ ಸ್ಲೇಟನ್. ಚಂದ್ರನ ಪಾಠದಲ್ಲಿ ನಾವು ಮಕ್ಕಳಿಗೆ ಆರ್ಮ್‌ಸ್ಟ್ರಾಂಗ್ ಹೆಸರು ಬರೆಸುತ್ತೇವೆ. ಅವನನ್ನು ಆರಿಸಿ ಕಳಿಸಿದ ಈತನ ಹೆಸರನ್ನಲ್ಲ.

1959ರಲ್ಲಿ ಅಮೆರಿಕ ಆರಿಸಿದ ಮೊದಲ ಏಳು ಗಗನಯಾತ್ರಿಗಳಲ್ಲಿ ಸ್ಲೇಟನ್ ಒಬ್ಬ. 1962ರಲ್ಲಿ ತನ್ನ ಸರದಿ ಹತ್ತಿರ ಬಂದಿದೆ ಎನ್ನುವಾಗಲೇ ತಡೆ ಬಿತ್ತು. ಹೃದಯದ ಮೇಲಿನ ಕೋಣೆಗಳು ಆಗಾಗ ಅದುರುತ್ತಿದ್ದವಂತೆ. ಯುದ್ಧವಿಮಾನ ಹಾರಿಸಿ ಪಳಗಿದವನು ಇನ್ನು ಜೆಟ್ಟನ್ನೂ ಒಬ್ಬನೇ ಹಾರಿಸುವಂತಿಲ್ಲ, ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇರಬೇಕು! (ನನ್ನನ್ನೂ ಈಗ ಮನೆಯವರು ಒಬ್ಬಳನ್ನೇ ಪೇಟೆಗೆ ಬಿಡುವುದಿಲ್ಲ.)

ಆತ ಬಿಟ್ಟು ಹೋಗಲಿಲ್ಲ. ಯಾರು ಯಾವಾಗ ಹಾರಬೇಕೆಂದು ಗೊತ್ತುಮಾಡುವ ಕೆಲಸಕ್ಕೆ ಕೂತ. ಎಲ್ಲ ಪಂಕ್ತಿಗೂ ಬಡಿಸಿ ತಾನು ಹಸಿದು ನಿಲ್ಲುವುದೆಂದರೇನೆಂದು ನಮ್ಮಂಥ ಹೆಂಗಸರಿಗೆ ಬಿಡಿಸಿ ಹೇಳಬೇಕೆ?

ಸಿಗರೇಟು ಬಿಟ್ಟ, ವ್ಯಾಯಾಮ ಮಾಡಿದ, ಮತ್ತೆ ಮತ್ತೆ ತಪಾಸಣೆಗೆ ಹೋದ. ಹಾರಾಟಕ್ಕೆ ಯೋಗ್ಯನೆಂದು ವೈದ್ಯರು ಒಪ್ಪಿದ್ದು 1972ರ ಮಾರ್ಚಿನಲ್ಲಿ. ರಷ್ಯನ್ ಭಾಷೆ ಕಲಿತು, 1975ರ ಜುಲೈನಲ್ಲಿ ಅಪೋಲೋ-ಸೋಯುಜ್ ಯಾನದಲ್ಲಿ ಬಾಹ್ಯಾಕಾಶಕ್ಕೆ ಹೋದ. ಆಗ ವಯಸ್ಸು 51.

ನನ್ನ ಮುಂದಿನ ಇ.ಸಿ.ಜಿ. ಶುಕ್ರವಾರ. ಶಾಲೆಗೆ ಅರ್ಧ ದಿನದ ರಜೆ ಬರೆದಿದ್ದೇನೆ, ಅಷ್ಟೆ.